ಚೀಟಿಯ ಹಿಂಬದಿ

ಬೆಳಗಿನ ಐದೂವರೆ. ನಿಘಂಟು ಕಚೇರಿಯ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಅದೂ ನಾಲ್ಕು ಸಲ ಕಣ್ಣು ಮಿಟುಕಿಸಿ ಮನಸ್ಸು ಮಾಡಿದ ಮೇಲೆ. ಗೋಡೆಗೆ ಒತ್ತಿಕೊಂಡು ಮರದ ಕಪಾಟುಗಳು, ಅವುಗಳಲ್ಲಿ ಆರುನೂರ ಹನ್ನೆರಡು ಡ್ರಾಯರುಗಳು, ಡ್ರಾಯರುಗಳ ತುಂಬ ಅಂಗೈಯಗಲದ ದಪ್ಪ ಚೀಟಿಗಳು. ಐವತ್ತೊಂಬತ್ತರ ಹೆಂಗಸೊಬ್ಬರು ಬಲಗೈಯ ಎರಡು ಬೆರಳಿಗೆ ರಬ್ಬರ್ ಟೊಪ್ಪಿ ತೊಡಿಸಿಕೊಂಡು ನಿಂತೇ ಚೀಟಿ ತಿರುವುತ್ತಿದ್ದಾರೆ. ಮುಂಬದಿಯ ಕಡೆ ಅವರು ಕಣ್ಣೂ ಹಾಯಿಸುವುದಿಲ್ಲ. ಚೀಟಿಯನ್ನು ಮಗುಚಿ, ಹಿಂಬದಿಯಲ್ಲಿ ಪೆನ್ಸಿಲಿನ ಬರಹ ಇದೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ. ಇದ್ದರೆ ಹೊಸ ಚೀಟಿಯೊಂದನ್ನು ತೆಗೆದು ಅದನ್ನು ಅಕ್ಷರಕ್ಕಕ್ಷರ ನಕಲು ಮಾಡುತ್ತಾರೆ, ಪೆನ್ಸಿಲಿನಲ್ಲೇ, ಮರ ಕೊರೆಯುವವರಷ್ಟು ಒತ್ತಿ.

"ಹತ್ತು ಗಂಟೆಗೆ ಸ್ಕ್ಯಾನ್ ಮಾಡೋರು ಬರ್ತಾರೆ. ಅಷ್ಟರೊಳಗೆ ಎಂಬತ್ತಾದ್ರೂ ಆಗ್ಬೇಕು," ಎನ್ನುತ್ತಾರೆ ತಲೆಯೆತ್ತದೆ. "ಮಾತಾಡ್ತಾ ಇರಿ, ಕೇಳಿಸ್ಕೊಳ್ತೀನಿ. ಕೈಗೂ ಕಿವಿಗೂ ಸಂಬಂಧ ಇಲ್ಲ."

ಕಚೇರಿಯಲ್ಲಿ ಎಲ್ಲರೂ ಇವರನ್ನು 'ಹಿಂಬದಿ ಅಕ್ಕ' ಎನ್ನುತ್ತಾರೆ. ಮೊದಲು ಗೇಲಿಗೆ ಶುರುವಾದದ್ದು, ಈಗ ಗೇಲಿ ಸವೆದು ಬರೀ ಕರೆಯುವ ಮಾತಾಗಿದೆ. ಅವರಿಗೂ ಬೇಸರವಿಲ್ಲ. ಗೇಟಿನ ಕಾವಲಿನವರಿಂದ ಹಿಡಿದು ಮೂರನೇ ಮಹಡಿಯ ನಿರ್ದೇಶಕರವರೆಗೆ ಹಾಗೆಯೇ ಕರೆಯುತ್ತಾರೆ, ಅವರೂ ಓ ಎನ್ನುತ್ತಾರೆ.

ನಿಘಂಟು ಎಂಬುದು ಪಂಡಿತರ ತಲೆಯಿಂದ ನೇರವಾಗಿ ಅಚ್ಚುಮನೆಗೆ ಇಳಿಯುತ್ತದೆ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಹಾಗಲ್ಲ. ಅದು ಚೀಟಿಯಿಂದ ಇಳಿಯುತ್ತದೆ. ಚೀಟಿಯ ಮುಂಬದಿಯಲ್ಲಿ ಪದ, ಅದರ ಅರ್ಥ, ಆ ಅರ್ಥದಲ್ಲಿ ಪದ ಬಳಕೆಯಾದ ಒಂದು ವಾಕ್ಯ, ಆ ವಾಕ್ಯ ಅಚ್ಚಾದ ಪುಸ್ತಕ ಅಥವಾ ಪತ್ರಿಕೆ, ಪುಟ ಸಂಖ್ಯೆ. ಈ ಕೊನೆಯದಕ್ಕೆ 'ಆಧಾರ' ಎನ್ನುತ್ತಾರೆ. ಇಷ್ಟನ್ನೂ ಪೆನ್ನಿನಲ್ಲೇ ಬರೆಯಬೇಕು. ಹಿಂಬದಿ ಹಾಗಲ್ಲ. ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದರೆ, ಯಾರು, ಎಲ್ಲಿ, ಯಾವತ್ತು ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವುದು ಇಲ್ಲಿನ ಹಳೆಯ ರೂಢಿ. ಮುಂದೆಂದಾದರೂ ಅಚ್ಚಿನಲ್ಲಿ ಸಿಕ್ಕರೆ ಮುಂಬದಿಗೆ ಬಡ್ತಿ. ಸಿಗದಿದ್ದರೆ ಅಲ್ಲೇ ಬಿದ್ದಿರುತ್ತದೆ. ನಿಘಂಟು ತಯಾರಾಗುವುದು ಮುಂಬದಿಯಿಂದ ಮಾತ್ರ.

ಹೀಗೆ ಬಿದ್ದಿರುವ ಹಿಂಬದಿಗಳು ಸುಮಾರು ಹನ್ನೊಂದು ಸಾವಿರ. ಅವುಗಳಲ್ಲಿ ಮುಕ್ಕಾಲು ಪಾಲು ಈ ಅಕ್ಕನ ಕೈಬರಹ.

ಈಗ ಕಚೇರಿಗೆ ಹೊಸ ಯುಗ ಬಂದಿದೆ. ನಾಲ್ಕು ಲಕ್ಷ ಇಪ್ಪತ್ತು ಸಾವಿರ ಚೀಟಿಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯುತ್ತಿದೆ. ಏರಿಸಿದ ಮೇಲೆ ಚೀಟಿಗಳು ರದ್ದಿಗೆ, ಕಪಾಟುಗಳು ಹರಾಜಿಗೆ, ನೆಲಮಾಳಿಗೆ ವಾಹನ ನಿಲುಗಡೆಗೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಇದನ್ನೂ ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಾಗದ್ದು ಒಂದೇ: ಸ್ಕ್ಯಾನ್ ಆಗುತ್ತಿರುವುದು ಮುಂಬದಿ ಮಾತ್ರ.

ಇದರ ಕಾರಣ ಕೇಳಲು ನಾನು ಮೂರನೇ ಮಹಡಿ ಹತ್ತುತ್ತೇನೆ. ನಿರ್ದೇಶಕರು ಸಜ್ಜನರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ.

"ಟೆಂಡರಿನಲ್ಲಿ 'ಚೀಟಿ ಒಂದಕ್ಕೆ ಒಂದು ಚಿತ್ರ' ಅಂತ ಇದೆ, ನೋಡಿ."

"ಯಂತ್ರ ಎರಡೂ ಬದಿ ಒಟ್ಟಿಗೇ ತೆಗೆಯುತ್ತದಂತಲ್ಲ ಸಾರ್?"

"ತೆಗೆಯುತ್ತೆ. ಆದ್ರೆ ಟೆಂಡರಿನಲ್ಲಿ ಇಲ್ವಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೆ, ಆ ಪೂಜಾರಿ ಮೇಜಿನ ಆಚೆ ಕೂತಿದ್ದನ್ನು ಅವತ್ತು ನೋಡಿದೆ. ಹಿಂಬದಿ ಎಂದರೆ ಖಾಸಗಿ ಟಿಪ್ಪಣಿ, ನಿಘಂಟು ಎಂದರೆ ಪ್ರಮಾಣ, ಎರಡನ್ನೂ ಬೆರೆಸಬಾರದು ಎಂದು ಅವರು ವಿವರಿಸುತ್ತಾರೆ. ಅಕ್ಕನ ಸೇವೆ ಅಮೂಲ್ಯವಂತೆ. ಎಷ್ಟು ವರ್ಷದ ಸೇವೆ ಎಂದು ಕೇಳಿದೆ. ಕಡತ ತೆರೆದರು, ಎರಡು ಹಾಳೆ ಮಗುಚಿದರು, ಮುಚ್ಚಿದರು. "ತುಂಬಾ ವರ್ಷ," ಎಂದರು.

ಮೂವತ್ತೆರಡು ವರ್ಷ. ನೆಲಮಾಳಿಗೆಯಲ್ಲಿ ನೀರಿನ ಪೈಪ್ ಒಡೆದು ನಲವತ್ತು ಸಾವಿರ ಚೀಟಿ ನೆನೆದುಹೋದಾಗ, ಅವನ್ನು ಒಣಗಿಸಿ ಅಕಾರಾದಿಯಾಗಿ ಜೋಡಿಸಲು ಮೂರು ತಿಂಗಳ ಮಟ್ಟಿಗೆ ಇವರನ್ನು ಕರೆಸಿದರು. ಆಗ ಇಪ್ಪತ್ತೇಳರ ವಯಸ್ಸು. ಲೇತ್ ಕೆಲಸದವರ ಮಗಳು, ಶಾಲೆ ಮುಗಿಸಿದ್ದರು, ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಚಟ ಇತ್ತು. ಮಹಡಿಯ ಮೇಲೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಒಂದೊಂದೇ ಪದವನ್ನು ಬಿಸಿಲಿಗೆ ಹಾಕಿದರು. ಒಣಗಿದ್ದನ್ನು ಓದುತ್ತಾ ಜೋಡಿಸಿದರು. "ಮೂರು ತಿಂಗಳು ಅಂದ್ರು. ಅದಿನ್ನೂ ಮುಗಿದಿಲ್ಲ," ಎಂದು ನಗುತ್ತಾರೆ. ಕಾಗದಪತ್ರದಲ್ಲಿ ಇವರು ಇಂದಿಗೂ ತಾತ್ಕಾಲಿಕ. ಕುರ್ಚಿಗೆಂದು ಎರಡು ಸಲ ಅರ್ಜಿ ಹಾಕಿದರು. ಕುರ್ಚಿ ಹುದ್ದೆಗೆ ಸೇರಿದ್ದು, ತಾತ್ಕಾಲಿಕದವರಿಗೆ ಹುದ್ದೆಯೇ ಇಲ್ಲ ಎಂಬ ಉತ್ತರ ಎರಡು ಸಲವೂ ಬಂತು. ದಿನಕ್ಕೆ ಏಳು ಗಂಟೆ ನಿಂತು ನಿಂತು ಎರಡೂ ಮೀನಖಂಡದಲ್ಲಿ ನರಗಳು ಹುರಿಹಗ್ಗದ ಹಾಗೆ ಎದ್ದಿವೆ.

ಹಿಂದಿನ ಆವೃತ್ತಿ ಅಚ್ಚಾದಾಗ ಮುನ್ನುಡಿಯಲ್ಲಿ ಇಪ್ಪತ್ತಾರು ಜನರಿಗೆ ವಂದನೆ ಸಲ್ಲಿಸಿದ್ದಾರೆ. ರಟ್ಟು ಕಟ್ಟಿದವರು, ಉದ್ಘಾಟನೆಗೆ ಬಂದವರು, ಬರುತ್ತೇನೆಂದು ಬಾರದವರು ಎಲ್ಲರೂ ಇದ್ದಾರೆ. ಪಟ್ಟಿಯ ಕೊನೆಯಲ್ಲಿ 'ಮತ್ತು ಇತರರು' ಎಂದಿದೆ. "ಅಲ್ಲಿದೀನಲ್ಲ ನಾನು," ಎಂದು ಅಕ್ಕ ಆ ಎರಡು ಪದಗಳ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅವರಿಗೆ ಅದು ತಮಾಷೆ.

ಮನೆಯಲ್ಲಿ ಗಂಡ, ಲಿಫ್ಟ್ ನಡೆಸಿ ನಿವೃತ್ತರಾದವರು. ಮಗಳು ಆಸ್ಪತ್ರೆಯಲ್ಲಿ ನರ್ಸ್. ಎರಡು ಕೋಣೆಯ ಮನೆ, ಅದರಲ್ಲೂ ಒಂದು ಕಿಟಕಿಯ ಕಟ್ಟೆ ಚೀಟಿಗೆ ಮೀಸಲು. "ನಾವು ಜಗಳ ಆಡೋ ಹಾಗೇ ಇಲ್ಲ," ಎಂದು ಗಂಡ ದೂರುತ್ತಾರೆ. "ನಾನು ಸಿಟ್ಟಲ್ಲಿ ಏನೋ ಅಂದ್ರೆ, 'ಇರಿ ಇರಿ, ಇನ್ನೊಂದ್ಸಲ ಹೇಳಿ' ಅಂತ ಪೆನ್ಸಿಲ್ ತಗೊಳ್ತಾಳೆ. ಎರಡನೇ ಸಲ ಬೈಯೋಕೆ ಯಾರಿಗೆ ಬರತ್ತೆ ಹೇಳಿ?"

ನಾನು ನೆಲಮಾಳಿಗೆಗೆ ಹೋದ ದಿನ ಅಕ್ಕ 'ಹ' ಮುಗಿಸಿ 'ಸ'ಕ್ಕೆ ಬಂದಿದ್ದಾರೆ. ಸ್ಕ್ಯಾನ್ ಮಾಡುವವರು 'ಅ'ದಿಂದ ಹೊರಟು 'ಪ' ತಲುಪಿದ್ದಾರೆ. "ಅವ್ರು ಆ ಕಡೆಯಿಂದ ಬರ್ತಿದಾರೆ, ನಾನು ಈ ಕಡೆಯಿಂದ ಹೋಗ್ತಿದೀನಿ. ಎಲ್ಲೋ ಒಂದ್ಕಡೆ ಎದುರುಬದುರು ಆಗ್ತೀವಿ. ಅಲ್ಲಿಗೆ ಮುಗೀತು." ನಕಲನ್ನೂ ಹೊಸ ಚೀಟಿಯ ಹಿಂಬದಿಯಲ್ಲೇ ಬರೆದು, ಆ ಬದಿ ಯಂತ್ರಕ್ಕೆ ಕಾಣುವಂತೆ ಮಗುಚಿ, ಮೂಲ ಚೀಟಿಯ ಬೆನ್ನಿಗೇ ಸೇರಿಸಿ ಡ್ರಾಯರಿಗೆ ಹಾಕುತ್ತಾರೆ. ಸ್ಕ್ಯಾನ್ ಮಾಡುವ ಹೆಂಗಸರಿಬ್ಬರು ಟ್ರೇಯಲ್ಲಿ ಬಂದದ್ದನ್ನೆಲ್ಲ ಯಂತ್ರಕ್ಕೆ ಕೊಡುತ್ತಾರೆ. "ಅವ್ರು ಓದಲ್ಲ. ಅದೇ ನನ್ನ ಪುಣ್ಯ." ಪ್ರತಿ ನಕಲಿನ ತಲೆಯಲ್ಲೂ 'ಹಿಂಬದಿಯ ನಕಲು, ಆಧಾರ: ಬಾಯಿಮಾತು' ಎಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ಹಾಗಾಗಿ ಇವು ಕಂಪ್ಯೂಟರಿನಲ್ಲಿ ಚಿತ್ರವಾಗಿ ಉಳಿಯುತ್ತವೆ, ನಿಘಂಟಿಗೆ ಸೇರುವುದಿಲ್ಲ. ಇಪ್ಪತ್ತೊಂಬತ್ತು ಬೆಳಗು, ದಿನಕ್ಕೆ ಎಂಬತ್ತು, ಇಲ್ಲಿಯವರೆಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ. ಇನ್ನುಳಿದದ್ದು ಹನ್ನೆರಡು ಬೆಳಗು.

"'ಅಮ್ಮ' ಅನ್ನೋ ಪದಕ್ಕೇ ಮೂವತ್ನಾಲ್ಕು ಹಿಂಬದಿ ಇದ್ವು," ಎನ್ನುತ್ತಾರೆ, ಕೈ ನಿಲ್ಲಿಸದೆ. "ಯಂತ್ರ ಬರತ್ತೆ ಅಂತ ನಂಗೆ ಗೊತ್ತಾಗೋ ಹೊತ್ತಿಗೆ ರದ್ದಿ ಚೀಲಕ್ಕೆ ಹೋಗಿದ್ವು. ನನಗ್ಯಾರು ಹೇಳ್ತಾರೆ? ಕೋಳೀನ ಕೇಳಿ ಮಸಾಲೆ ಅರೀತಾರಾ?"

ಆ ದಿನದ ಡ್ರಾಯರಿನಲ್ಲಿ ಇರುವ ಪದ 'ಸ್ಟೇಷನ್'. ಅಚ್ಚಾದ ನಿಘಂಟಿನಲ್ಲಿ ಅದಕ್ಕೆ ಕೊಟ್ಟಿರುವ ಅರ್ಥ ಎರಡೇ ಪದ: ನಿಲ್ದಾಣ, ಠಾಣೆ. ಅಕ್ಕನ ಬಳಿ ಅರವತ್ತಮೂರು ಹಿಂಬದಿಗಳಿವೆ, ಒಂಬತ್ತು ಅರ್ಥ. ಇದೊಂದು ಪದದ ಹಿಂದೆ ಇಪ್ಪತ್ತಮೂರು ವರ್ಷ ತಿರುಗಿದ್ದಾರೆ. ಗೆಳೆಯ ಬಂದು "ಸ್ಟೇಷನ್‌ಗೆ ಬರ್ತೀಯಾ?" ಎಂದರೆ ರೈಲು, ಅದನ್ನೇ ಒಬ್ಬ ಕಾಲರ್ ಹಿಡಿದು ಕೇಳಿದರೆ ಪೊಲೀಸು. ರಜೆ ಅರ್ಜಿಯಲ್ಲಿ ಗುಮಾಸ್ತ 'ಔಟ್ ಆಫ್ ಸ್ಟೇಷನ್' ಎಂದು ಬರೆದಾಗ ಅಲ್ಲಿ ರೈಲೂ ಇಲ್ಲ, ಪೊಲೀಸೂ ಇಲ್ಲ, ಇಡೀ ಊರೇ ಸ್ಟೇಷನ್. ರೇಡಿಯೊದ ಕಿವಿ ಹಿಂಡುತ್ತಾ ಇವರ ಅಪ್ಪ "ಸ್ಟೇಷನ್ ಸಿಗ್ತಿಲ್ಲ" ಎನ್ನುತ್ತಿದ್ದರು, ಅದಕ್ಕೊಂದು ಚೀಟಿ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಪಕ್ಕದ ಮನೆಯಾಕೆ "ನಿನ್ನೆ ನನ್ನ ಸ್ಟೇಷನ್‌ನಲ್ಲಿ ಯಾರು ಕೂತಿದ್ದು? ದಾರ ಎಲ್ಲಾ ಗಂಟಾಗಿದೆ" ಎಂದು ರೇಗಿದ್ದಕ್ಕೆ ಇನ್ನೊಂದು. ರೋಗಿಯ ಕಡೆಯವರಿಗೆ ಮಗಳು "ಸ್ಟೇಷನ್‌ನಲ್ಲಿ ಕೇಳಿ" ಎನ್ನುತ್ತಾಳೆ, ಅದು ನರ್ಸುಗಳ ಮೇಜು. "ಪಾಪ, ಒಬ್ಬ ಅಜ್ಜ ಹೆದರಿಕೊಂಡುಬಿಟ್ಟ. ನಾನೇನು ತಪ್ಪು ಮಾಡ್ದೆ ತಾಯಿ ಅಂದ." ಆ ಅಜ್ಜನ ಮಾತೂ ಚೀಟಿಯಲ್ಲಿದೆ, ತಾರೀಕಿನ ಸಮೇತ.

ಪದದ ಮೂಲ ಕಲಿಸಿದವರು ಹಳೆಯ ಸಂಪಾದಕರು, ಇವರ ಬಾಯಲ್ಲಿ 'ಮೇಷ್ಟ್ರು'. ಅವರು ತೀರಿಕೊಂಡು ಹದಿನೈದು ವರ್ಷವಾಯಿತು. ಲ್ಯಾಟಿನ್ನಿನಲ್ಲಿ 'ಸ್ಟಾರೆ' ಎಂದರೆ ನಿಲ್ಲುವುದು. ಅದರಿಂದ ಹುಟ್ಟಿದ್ದು 'ಸ್ಟಾಟಿಯೊ': ನಿಂತಿರುವುದು, ನಿಲ್ಲುವ ಜಾಗ, ಕಾವಲಿನವನ ಠಿಕಾಣಿ, ಹಡಗು ಲಂಗರು ಹಾಕುವ ರೇವು. ಅಲ್ಲಿಂದ ಫ್ರೆಂಚರ ಬಾಯಿ, ಇಂಗ್ಲಿಷರ ಬಾಯಿ ದಾಟಿ ನಮ್ಮಲ್ಲಿಗೆ ಬಂತು. ಸಂಸ್ಕೃತದ 'ಸ್ಥಾನ' ಅದಕ್ಕೆ ದೂರದ ನೆಂಟ, ಎರಡಕ್ಕೂ ಬೇರು ಒಂದೇ. ಸ್ಥಾನದಿಂದ ತಾಣ, ಠಾಣೆ. ಎಲ್ಲದರ ಹೊಟ್ಟೆಯಲ್ಲೂ ಇರುವುದು ಒಂದೇ ಕೆಲಸ, ನಿಲ್ಲುವುದು. "ಮೇಷ್ಟ್ರು ಡ್ರಾಯರ್ ಎಳೆದು ತೋರ್ಸಿದ್ರು. 'ನೋಡಮ್ಮ, ಸಾವಿರಾರು ವರ್ಷದ ಹಿಂದೆ ಬೇರೆಯಾದ ಅಕ್ಕತಂಗೀರು, ನಮ್ಮ ಡ್ರಾಯರ್‌ನಲ್ಲಿ ನಾಲ್ಕು ಬೆರಳು ಅಂತರದಲ್ಲಿ ಮಲಗಿದಾರೆ' ಅಂದ್ರು. ಅವತ್ತು ಮನೆಗೆ ನಡ್ಕೊಂಡೇ ಹೋದೆ. ಬಸ್ಸಲ್ಲಿ ಕೂರೋಕೆ ಮನಸ್ಸಾಗ್ಲಿಲ್ಲ."

ಒಂಬತ್ತರಲ್ಲಿ ಒಂದು ಅರ್ಥದ ಹತ್ತಿರ ಅಕ್ಕನ ಕೈ ನಿಧಾನವಾಗುತ್ತದೆ. ಇಪ್ಪತ್ತಮೂರು ವರ್ಷದ ಹಿಂದೆ ರೈಲು ನಿಲ್ದಾಣದ ಹಮಾಲಿಯೊಬ್ಬರು ಹೇಳಿದ್ದು: "ಮೂರನೇ ಕಂಬ ನನ್ನ ಸ್ಟೇಷನ್ನು." ಹಮಾಲಿಗಳಲ್ಲಿ ಪ್ರತಿಯೊಬ್ಬನಿಗೂ ಪ್ಲಾಟ್‌ಫಾರ್ಮಿನಲ್ಲಿ ತನ್ನದೇ ಆದ ಒಂದು ಜಾಗ ಇರುತ್ತದೆ, ರೈಲಿಗೆ ಕಾಯುವಾಗ ಅಲ್ಲಿ ಇನ್ನೊಬ್ಬ ನಿಲ್ಲುವಂತಿಲ್ಲ. ಆ ಜಾಗವೇ ಅವನ ಸ್ಟೇಷನ್. ಲ್ಯಾಟಿನ್ನಿನ ಕಾವಲಿನವನ ಅರ್ಥ ಇಷ್ಟು ದೂರ ಬಂದು ಒಬ್ಬ ಹೊರೆ ಹೊರುವವನ ಬಾಯಲ್ಲಿ ಹಾಗೇ ಉಳಿದಿದೆಯಲ್ಲ ಎಂದು ಅಕ್ಕನಿಗೆ ಮೈ ಜುಮ್ಮೆಂದಿತು. ಆದರೆ ಅಚ್ಚಿನಲ್ಲಿ ಎಲ್ಲೂ ಇಲ್ಲ. ಹಮಾಲಿಗಳು ಪುಸ್ತಕ ಬರೆಯುವುದಿಲ್ಲ, ಪುಸ್ತಕ ಬರೆಯುವವರು ಹಮಾಲಿಯನ್ನು ಕೂಲಿಯ ವಿಷಯಕ್ಕಲ್ಲದೆ ಮಾತಾಡಿಸುವುದಿಲ್ಲ. ಒಂದು ವರ್ಷ ಹುಡುಕಿ ಸೋತ ಮೇಲೆ ಅಕ್ಕ ಒಂದು ಕೆಲಸ ಮಾಡಿದರು. ನಿಘಂಟಿನವರಲ್ಲದೆ ಬೇರೆ ಯಾರಿಗೂ ಮಾಡಬೇಕೆಂದೇ ತೋಚದ ತಪ್ಪು ಅದು.

ಪತ್ರಿಕೆಯ ಓದುಗರ ಅಂಕಣಕ್ಕೆ ಗಂಡನ ಹೆಸರಿನಲ್ಲಿ ಪತ್ರ ಬರೆದರು. 'ಹಮಾಲಿಗಳು ಬಿಸಿಲಿನಲ್ಲಿ ಬೇಯುತ್ತಿದ್ದಾರೆ, ಅವರ ಸ್ಟೇಷನ್‌ಗಳ ಮೇಲೆ ನೆರಳಿನ ವ್ಯವಸ್ಥೆ ಆಗಬೇಕು' ಎಂದು. ಪತ್ರ ಅಚ್ಚಾಯಿತು. ಅದನ್ನು ಕತ್ತರಿಸಿಟ್ಟು, ಹೊಸ ಚೀಟಿಯ ಮುಂಬದಿಗೆ ಪೆನ್ನಿನಲ್ಲಿ ವಾಕ್ಯ ಬರೆದು, ತಾರೀಕು ಹಾಕಿ, ಪುಟ ಹಾಕಿ, ಮೇಷ್ಟ್ರ ಮೇಜಿನ ಮೇಲಿಟ್ಟರು.

"ಮೇಷ್ಟ್ರು ಕೂಗಾಡ್ಲಿಲ್ಲ. ಚೀಟಿ ಹಿಡ್ಕೊಂಡು ಮೆಟ್ಟಿಲಿಳಿದು ಬಂದ್ರು. 'ಈ ಪತ್ರ ಬರೆದ ಮಹಾನುಭಾವರು ನಿಮ್ಮ ಯಜಮಾನ್ರಲ್ವಾ ಅಮ್ಮ?' ಅಂದ್ರು. ಹೌದು ಸಾರ್ ಅಂದೆ. 'ನಾವು ವಾಕ್ಯ ಹುಡುಕ್ಬೇಕು, ಹುಟ್ಟಿಸ್ಬಾರ್ದು' ಅಂದ್ರು. ಅಷ್ಟೇ. ಮಾರನೇ ದಿನ ಮೆಮೊ ಬಂತು."

ಮೆಮೊ ಇವತ್ತಿಗೂ ಇವರ ಚೀಲದಲ್ಲಿದೆ, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ. 'ಆಧಾರ ಸೃಷ್ಟಿಸಿದ ಅಪರಾಧಕ್ಕಾಗಿ ಇನ್ನು ಮುಂದೆ ಸದರಿಯವರು ಚೀಟಿಯ ಮುಂಬದಿಯಲ್ಲಿ ಏನನ್ನೂ ಬರೆಯತಕ್ಕದ್ದಲ್ಲ.' ಅಂದಿನಿಂದ ಇಪ್ಪತ್ತೆರಡು ವರ್ಷ, ಅಕ್ಕನ ಕೈಯಲ್ಲಿ ಪೆನ್ನಿಲ್ಲ. ಕೇಳಿದ್ದೆಲ್ಲ ಹಿಂಬದಿಗೆ, ಪೆನ್ಸಿಲಿಗೆ.

"ಅನ್ಯಾಯ ಅನ್ನಿಸಲಿಲ್ಲವೆ?"

"ಮೇಷ್ಟ್ರು ಹೇಳಿದ್ದು ಸರಿ. ಅದಕ್ಕೇ ಇನ್ನೂ ಉರಿಯತ್ತೆ. ತಪ್ಪು ಹೇಳಿದ್ರೆ ಬೈಕೊಂಡು ಮರೆತುಬಿಡ್ತಿದ್ದೆ." ಸ್ವಲ್ಪ ಹೊತ್ತು ಬರೆಯುತ್ತಾರೆ. "ಆದ್ರೆ ಆ ಮಾತನ್ನ ನಾನು ಹುಟ್ಟಿಸ್ಲಿಲ್ಲ ನೋಡಿ. ಅದು ಇತ್ತು. ಅಚ್ಚಲ್ಲಿ ಇರ್ಲಿಲ್ಲ ಅಷ್ಟೇ."

ಆ ಪತ್ರದಿಂದ ಒಂದು ಒಳ್ಳೆಯದಂತೂ ಆಯಿತು. ಎರಡು ತಿಂಗಳಲ್ಲಿ ರೈಲಿನವರು ಪ್ಲಾಟ್‌ಫಾರ್ಮಿನ ಆ ತುದಿಗೆ ತಗಡು ಹೊದಿಸಿದರು. ಹಮಾಲಿಗಳ ಮಾತಿಗೆ ನಿಘಂಟಿನಲ್ಲಿ ಜಾಗ ಸಿಗಲಿಲ್ಲ, ಅವರ ತಲೆಗೆ ನೆರಳು ಸಿಕ್ಕಿತು.

ಭಾನುವಾರ ಬೆಳಗ್ಗೆ ಅಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಒಂದು ಕಾಲಕ್ಕೆ ನಲವತ್ತೆರಡು ಹಮಾಲಿಗಳಿದ್ದ ನಿಲ್ದಾಣ. ಸೂಟ್‌ಕೇಸುಗಳಿಗೆ ಚಕ್ರ ಬಂದ ಮೇಲೆ ಒಬ್ಬೊಬ್ಬರಾಗಿ ಕರಗಿ ಈಗ ಐವರು ಉಳಿದಿದ್ದಾರೆ, ಎಲ್ಲರೂ ಅರವತ್ತು ದಾಟಿದವರು. ಇವರ ನಂತರ ಈ ಮಾತನ್ನು ಆಡುವ ಬಾಯಿ ಇರುವುದಿಲ್ಲ. ಮೂರನೇ ಕಂಬದ ಹಮಾಲಿ ತೀರಿಕೊಂಡಿದ್ದಾರೆ. ಅವರ ತಮ್ಮ ಇದ್ದಾರೆ, ಅರವತ್ತನಾಲ್ಕು ವರ್ಷ, ಬೆನ್ನು ಬಗ್ಗಿದರೂ ತೋಳು ಇನ್ನೂ ಗಟ್ಟಿ. ನಾವು ಹೋದಾಗ ನೀರಿನ ನಲ್ಲಿಯ ಪಕ್ಕ ಪೆಟ್ಟಿಗೆಯೊಂದರ ಮೇಲೆ ಕೂತಿದ್ದಾರೆ.

"ಬನ್ನಿ ಅಕ್ಕಾ. ಇವತ್ತು ಯಾವ ಮಾತು ಕದಿಯೋಕೆ ಬಂದ್ರಿ?"

"ಹಳೇದೇ. ಇವ್ರು ಪತ್ರಿಕೆಯವ್ರು. ನಾನು ಬಾಯಿ ತೆರೆಯಲ್ಲ, ಇವ್ರೇ ಕೇಳ್ತಾರೆ," ಎಂದು ಅಕ್ಕ ನಿಜಕ್ಕೂ ಹತ್ತು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಯಾಕೆ ಹಾಗೆ ಮಾಡಿದರೆಂದು ನನಗೆ ಆಗ ಹೊಳೆಯಲಿಲ್ಲ.

ಮೂರನೇ ಕಂಬದ ಬುಡ ಖಾಲಿ ಇದೆ. ವರ್ಷಗಟ್ಟಲೆ ಒರಗಿದ್ದರಿಂದ ಆಳೆತ್ತರದಲ್ಲಿ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿದೆ. ಅಲ್ಲಿ ಯಾಕೆ ಯಾರೂ ಇಲ್ಲ ಎಂದು ಕೇಳುತ್ತೇನೆ. ತಮ್ಮ ಹೇಳುತ್ತಾರೆ: "ಅಣ್ಣ ಹೋಗಿ ಎರಡು ವರ್ಷ ಆಯ್ತು, ಆದ್ರೂ ಮೂರನೇ ಕಂಬ ಅವನ ಸ್ಟೇಷನ್ನೇ, ಅಲ್ಲಿ ನಾವ್ಯಾರೂ ನಿಲ್ಲಲ್ಲ."

ನಾಲ್ಕನೇ ಕಂಬದ ಹತ್ತಿರ ತಂಪು ಪಾನೀಯ ಮಾರುವ ಯಂತ್ರವೊಂದು ಗುಂಯ್‌ಗುಡುತ್ತಾ ನಿಂತಿದೆ. "ಅದನ್ನ ಮೂರನೇ ಕಂಬಕ್ಕೆ ಇಡೋಕೆ ಬಂದಿದ್ರು. ಅಲ್ಲಿ ಬೇಡ್ರಪ್ಪ, ಈ ಕಡೆ ಇಡಿ ಅಂತ ನಾನೇ ಹೇಳ್ದೆ."

"ನಾಲ್ಕನೇ ಕಂಬ ಯಾರದು?"

"ನಂದು."

"ಈಗ ನೀವೆಲ್ಲಿ ನಿಲ್ಲುತ್ತೀರಿ?"

"ಎಲ್ಲಿ ಜಾಗ ಸಿಗತ್ತೋ ಅಲ್ಲಿ. ನಾನಿನ್ನೂ ಬದುಕಿದೀನಲ್ಲ, ಆಚೀಚೆ ಸರೀಬಹುದು. ಅಣ್ಣ ಸರಿಯೋಕಾಗತ್ತಾ?" ರೈಲಿನ ಸದ್ದಾಯಿತು, ಅವರು ಎದ್ದರು. ಇಳಿದ ಇಪ್ಪತ್ತು ಮೂವತ್ತು ಜನ ತಮ್ಮ ತಮ್ಮ ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಅವರ ಪಕ್ಕದಲ್ಲೇ ಹಾದುಹೋದರು. ಅವರು ವಾಪಸ್ ಬಂದು ಕೂತರು.

ಹೊರಗೆ ಬಂದ ಮೇಲೆ ಟೀ ಕುಡಿಯುತ್ತಾ ಅಕ್ಕ ನನ್ನನ್ನು ಕೇಳುತ್ತಾರೆ, "ನೀವು ಬರೆಯೋದು ಯಾವ ಭಾನುವಾರ ಬರತ್ತೆ?" ತಾರೀಕು ಹೇಳುತ್ತೇನೆ. "ಎಷ್ಟನೇ ಪುಟ?" ನಾಲ್ಕು ಇರಬಹುದು ಎನ್ನುತ್ತೇನೆ. "ಇರಬಹುದು ಬೇಡ. ಗಟ್ಟಿಯಾಗಿ ಹೇಳಿ."

ಆಗ ನನಗೆ ಎಲ್ಲ ಒಟ್ಟಿಗೇ ಹೊಳೆಯಿತು. ಪತ್ರಿಕೆ ಬರುವುದು ಭಾನುವಾರ. ಕೋಣೆ ಖಾಲಿಯಾಗುವುದು ಅದರ ಹಿಂದಿನ ದಿನ, ಶನಿವಾರ. ಅಚ್ಚಾದ ಮೇಲೆ ಚೀಟಿ ಬರೆಯೋಣವೆಂದರೆ ಅಷ್ಟರಲ್ಲಿ ಚೀಟಿ ಹಾಕಲು ಡ್ರಾಯರೂ ಇರುವುದಿಲ್ಲ, ಸ್ಕ್ಯಾನ್ ಮಾಡಲು ಯಂತ್ರವೂ ಇರುವುದಿಲ್ಲ. ಇವರು ಇನ್ನೂ ಅಚ್ಚಾಗದ ಪತ್ರಿಕೆಯ ಪುಟವನ್ನು ಆಧಾರವಾಗಿ ಕೊಡಲು ಹೊರಟಿದ್ದಾರೆ.

"ಅಕ್ಕಾ, ಇದು ಮತ್ತೆ ಅದೇ ಅಪರಾಧ ಅಲ್ಲವೆ?"

"ಹೇಗಾಗತ್ತೆ? ಆವಾಗ ವಾಕ್ಯ ನಾನೇ ಬರ್ದಿದ್ದೆ. ಈಗ ಅಲ್ಲಿ ದುಡಿಯೋನು ತಾನಾಗಿ ಹೇಳಿದಾನೆ, ನೀವು ಕಿವಿಯಾರೆ ಕೇಳಿದೀರಿ, ನೀವೇ ಬರೀತೀರಿ. ನಾನು ಹತ್ತು ಹೆಜ್ಜೆ ದೂರ ಇದ್ದೆ." ಟೀ ಲೋಟ ಕೆಳಗಿಡುತ್ತಾರೆ. "ನನ್ನದು ಒಂದೇ ತಪ್ಪು, ಮೂರು ದಿನ ಮುಂಚೆ ಬರೀತೀನಿ. ನೀವು ಮಾತು ಉಳಿಸ್ಕೊಂಡ್ರೆ ಅದೂ ತಪ್ಪಲ್ಲ. ನೀವು ಕೈ ಕೊಟ್ರೆ ಮೇಷ್ಟ್ರ ಮೆಮೊ ಎರಡನೇ ಸಲವೂ ನಿಜ ಆಗತ್ತೆ."

"ನಿರ್ದೇಶಕರು ಓದಿದರೆ?"

"ಓದ್ಲಿ. ಅಚ್ಚಾಗಿರ್ಬೇಕು ಅನ್ನೋದು ಅವ್ರದ್ದೇ ನಿಯಮ. ಅಚ್ಚಾಗಿದೆ. ತೆಗೆದು ಹಾಕ್ಬೇಕು ಅಂದ್ರೆ ಅವ್ರೂ ಒಂದು ಕಾರಣ ಬರೆದು ಸಹಿ ಮಾಡ್ಬೇಕಾಗತ್ತೆ. ಮಾಡ್ಲಿ ನೋಡೋಣ."

ಹತ್ತಿರ ಹತ್ತಿರ ಎಂಟು ಸಾವಿರ ಹಿಂಬದಿಗಳು ರದ್ದಿಗೆ ಹೋಗುತ್ತಿವೆ. ಮೂವತ್ತೆರಡು ವರ್ಷದ ಕೆಲಸದಲ್ಲಿ ನಿಘಂಟಿಗೆ ಸೇರಲಿ ಎಂದು ಇವರು ಆಸೆಪಡುತ್ತಿರುವುದು ಒಂದು ಚೀಟಿ. ಅದರಲ್ಲೂ ಇವರ ಹೆಸರಿಲ್ಲ, ಒಬ್ಬ ಹಮಾಲಿಯ ಮಾತು ಇದೆ. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಹೊಗಳುವುದು ನಮ್ಮ ಪತ್ರಿಕೆಗಳ ಅಭ್ಯಾಸ. ಎಲೆ ಹಿಡಿದು ಮರೆ ಮಾಡಿದವರು ಯಾರೆಂದು ನಾವು ಕೇಳುವುದಿಲ್ಲ. ನಾನೂ ಇಪ್ಪತ್ತು ವರ್ಷ ಕೇಳಿಲ್ಲ, ನಾಚಿಕೆಯಾಗುತ್ತದೆ.

ಏಳುವ ಮುಂಚೆ ಅಕ್ಕ ಎರಡು ಷರತ್ತು ಹಾಕುತ್ತಾರೆ. "ಅವನು ಹೇಳಿದ್ದನ್ನ ಹಾಗೇ ಹಾಕಿ, ಚೆಂದ ಮಾಡೋಕೆ ಹೋಗ್ಬೇಡಿ. ಆಮೇಲೆ ಅದನ್ನ ಕೊನೇಲಿ ಇಡ್ಬೇಡಿ. ಜಾಹೀರಾತು ಬಂದ್ರೆ ನಿಮ್ಮೋರು ಬಾಲ ಕತ್ತರಿಸ್ತಾರಂತಲ್ಲ? ಮಧ್ಯದಲ್ಲಿ ಇಡಿ, ಯಾರ ಕತ್ತರಿಯೂ ತಾಗ್ಬಾರ್ದು."

ಇಟ್ಟಿದ್ದೇನೆ. ಮೇಲೆ ಖಾಲಿ ಕಂಬದ ಪ್ಯಾರಾದಲ್ಲಿ ಅದು ಇದೆ, ಅವರು ಹೇಳಿದ ಹಾಗೇ. ಪುಟ ಕಟ್ಟುವವರ ಮೇಜಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಈ ಬರಹ ನಾಲ್ಕನೇ ಪುಟದಿಂದ ಐದಕ್ಕೆ ಜಾರಿದರೆ ಒಬ್ಬರ ಮಾನ ಹೋಗುತ್ತದೆ ಎಂದು ಅವರಿಗೆ ಹೇಳಿದರೆ, ತಲೆ ಕೆಟ್ಟಿದೆ ಎನ್ನುವಂತೆ ನೋಡಿದರು. ಆದರೂ ಪುಟದ ಮೂಲೆಯಲ್ಲಿ 'ಕದಲಿಸಬೇಡಿ' ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡರು. ಜಾಹೀರಾತಿನವರ ಮೇಲೆ ನನಗೆ ನಂಬಿಕೆ ಇಲ್ಲ, ಹಾಗಾಗಿ ಅಚ್ಚಾಗುವವರೆಗೆ ಇಲ್ಲೇ ಕೂತಿರುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಆ ನೆಲಮಾಳಿಗೆಯಲ್ಲಿ ಕಪಾಟುಗಳ ಗುರುತು ಮಾತ್ರ ಉಳಿದಿರುತ್ತದೆ.

ಇವತ್ತು, ಗುರುವಾರ ಸಂಜೆ, ಅಕ್ಕನಿಗೆ ಫೋನ್ ಮಾಡಿ ಆ ವಾಕ್ಯವನ್ನು ಓದಿ ಹೇಳಿದೆ. ಇನ್ನೊಂದ್ಸಲ ಓದಿ ಎಂದರು. ಓದಿದೆ.

"ಸರಿಯಾಗಿದೆ. ಚೀಟಿ ಬರ್ದಾಯ್ತು, ತಾರೀಕು, ಪುಟ ಎಲ್ಲ ಹಾಕಿ. 'ಸ್ಥಾನ'ದ ಹತ್ರ, ಅದರ ಜಾಗದಲ್ಲೇ ಸೇರ್ಸಿದೀನಿ. ಬೆಳಗ್ಗೆ ಆ ಟ್ರೇ ತಗೊಂಡು ಹೋಗ್ತಾರೆ."

"ಪೆನ್ಸಿಲಿನಲ್ಲಿ ಬರೆದಿರಾ?"

"ಪೆನ್ಸಿಲ್ ಯಾಕೆ? ಆಧಾರ ಇದೆಯಲ್ಲ," ಎಂದರು. "ಮುಂಬದೀಲಿ ಬರ್ದೆ. ಪೆನ್ನಲ್ಲಿ."